ಎಷ್ಟು ಹಳೇದು ಅಂತ ಆಮೇಲೆ ಕೇಳಿ, ಎಲ್ಲಿಂದ ಬಂತು ಅಂತ ಮೊದಲು ಕೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೇ ಸಾಮಾನುಗಳಿಂದ ಮನೆ ಸಿಂಗರಿಸುವುದರ ಬಗ್ಗೆ ಎರಡು ಪುಟದ ಲೇಖನ ಬಂದಿತ್ತು. ಫೋಟೋಗಳು ಚೆನ್ನಾಗಿದ್ದವು, ಅದರಲ್ಲಿ ಎರಡು ಮಾತಿಲ್ಲ. ವರಾಂಡದಲ್ಲಿ ಕೆತ್ತನೆಯ ಕಂಬಗಳು, ಟಿವಿ ಪಕ್ಕದಲ್ಲಿ ನೀಲಿ-ಬಿಳಿ ಚೀನೀ ಹೂಜಿ, ಬಾಲ್ಕನಿಯ ಕುಂಡಗಳ ನಡುವೆ ಒಂದು ನಾಗರಕಲ್ಲು. ಬೆಲೆ ಎಷ್ಟು, ಯಾವ ದೀಪದ ಕೆಳಗೆ ಇಟ್ಟರೆ ಚಂದ, ಯಾವ ಬಣ್ಣದ ಗೋಡೆ ಒಪ್ಪುತ್ತದೆ, ಎಲ್ಲ ಬರೆದಿದ್ದೀರಿ. ಆ ನಾಗರಕಲ್ಲು ಯಾವ ಊರಿನ ಯಾವ ಅರಳಿಕಟ್ಟೆಯಿಂದ ಎದ್ದು ಬಂತು ಅಂತ ಮಾತ್ರ ಒಂದು ಸಾಲೂ ಇಲ್ಲ. ಪೂಜೆ ನಡೆಯುತ್ತಿದ್ದ ಕಲ್ಲು ತಾನಾಗಿಯೇ ನಡೆದುಕೊಂಡು ಅಪಾರ್ಟ್‌ಮೆಂಟಿಗೆ ಬರುವುದಿಲ್ಲ ಅಲ್ವಾ?

ನಾನೂ ಹಳೇ ಸಾಮಾನು ಕೂಡಿಡುವವನೇ. ದೊಡ್ಡ ಸಂಗ್ರಹವೇನಲ್ಲ. ಪಿಂಗಾಣಿ ತಟ್ಟೆ, ಬಟ್ಟಲು, ಒಂದಷ್ಟು ಭರಣಿಗಳು, ಬೀಟೆ ಮರದ ಮೇಜು. ಹಾಗಾಗಿ ಈ ಹುಚ್ಚನ್ನು ಬೈಯುವುದಕ್ಕೆ ಬರೆಯುತ್ತಿಲ್ಲ. ಹುಚ್ಚು ಇದ್ದವರಿಂದಲೇ ಎಷ್ಟೋ ಉಳಿದಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬ್ಯಾಂಕ್ ನೌಕರಿ ಮಾಡಿಕೊಂಡೇ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು. ಅವುಗಳಲ್ಲಿ ಒಂದಾದ ಕುಂಜೂರು ಚೌಕಿ ಮನೆ (ನಡುವೆ ಅಂಗಳ ಇರುವ ಮನೆ) ಎಲ್ಲಿಯದು ಅಂತ ಇವತ್ತು ಯಾರು ಬೇಕಾದರೂ ಹೇಳಬಹುದು, ಊರಿನ ಹೆಸರು ಮನೆಯ ಜೊತೆಗೇ ಬಂದಿದೆ. ನಮ್ಮ ಬೆಂಗಳೂರಿನ ಮಾರುಕಟ್ಟೆಯಲ್ಲಿ ಆಗುತ್ತಿರುವುದು ಇದರ ಉಲ್ಟಾ. ಸಾಮಾನು ಬರುತ್ತದೆ, ಊರು ದಾರಿಯಲ್ಲೇ ಕಳೆದುಹೋಗುತ್ತದೆ.

ಮೊದಲು ಸುಲಭದ ವಿಷಯ, ಅಂದರೆ ನಕಲಿ ಮಾಲು. ಅಂಗಡಿಯವರು 'ಇನ್ನೂರು ವರ್ಷದ್ದು ಸಾರ್' ಅನ್ನುತ್ತಾರೆ. ತಟ್ಟೆ ತಿರುಗಿಸಿ ನೋಡಿದರೆ ಅಡಿಯಲ್ಲಿ ಇಂಗ್ಲಿಷಿನಲ್ಲಿ 'ಮೇಡ್ ಇನ್ ಚೈನಾ' ಅಂತ ಇರುತ್ತದೆ! ಹೊರದೇಶದಿಂದ ಬರುವ ಮಾಲಿನ ಮೇಲೆ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಲೇಬೇಕು ಅಂತ ಅಮೆರಿಕ ಕಾನೂನು ತಂದದ್ದು 1890ರ ದಶಕದ ಶುರುವಿನಲ್ಲಿ. ಅಂಥ ಮುದ್ರೆ ಇರುವ ತಟ್ಟೆ ಅದಕ್ಕಿಂತ ಹಳೇದಾಗಿರುವುದು ಕಷ್ಟ. ಇನ್ನು ಚೀನೀ ಅಕ್ಷರದ ರಾಜಮುದ್ರೆ, ಅಂದರೆ ಚಕ್ರವರ್ತಿಯ ಹೆಸರಿನ ಮುದ್ರೆ, ಇದ್ದರೆ ಜನ ಕಣ್ಣು ಮುಚ್ಚಿ ನಂಬುತ್ತಾರೆ. ಕಾಂಗ್‌ಶಿ ಚಕ್ರವರ್ತಿ ಆಳಿದ್ದು 1661ರಿಂದ 1722ರವರೆಗೆ, ಆದರೆ ಅವನ ಮುದ್ರೆಯನ್ನು ಚೀನೀ ಕುಂಬಾರರೇ 19ನೇ ಶತಮಾನದಲ್ಲೂ ಹಾಕುತ್ತಿದ್ದರು, ಹಳೇ ಕೆಲಸಕ್ಕೆ ಗೌರವ ಅಂತಲೂ, ವ್ಯಾಪಾರಕ್ಕೆ ಅಂತಲೂ. ಆದ್ದರಿಂದ ಮುದ್ರೆ ಬಿಟ್ಟು ಅಡಿಯ ಬಳೆ ನೋಡಿ. ತಟ್ಟೆ ಕೂರುವ ಆ ಅಂಚಿನಲ್ಲಿ ಸಾಮಾನ್ಯವಾಗಿ ಮೆರುಗು (ಗಾಜಿನಂಥ ಹೊಳಪಿನ ಲೇಪ) ಇರುವುದಿಲ್ಲ, ಬರೀ ಮಣ್ಣು ಕಾಣುತ್ತದೆ, ಕೈಯಿಂದ ಕೈಗೆ ಬಂದ ತಟ್ಟೆಯಾದರೆ ಅಲ್ಲಿ ಸವೆದು ನಯವಾಗಿರುತ್ತದೆ. ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದಾಗ ಸಣ್ಣ ಸಣ್ಣ ಚುಕ್ಕೆ ಕಂಡರೆ ಅದು ಕುಂಚದ ಕೆಲಸವಲ್ಲ, ಅಚ್ಚಿನದು. (ಅಂದಹಾಗೆ, ಹಳೇ ಬಣ್ಣದ ಬಟ್ಟಲುಗಳಲ್ಲಿ ಉಪ್ಪಿನಕಾಯಿ ಹಾಕಬೇಡಿ. ಕೆಲವು ಮೆರುಗುಗಳಲ್ಲಿ ಸೀಸ ಇರುತ್ತದೆ, ಹುಳಿ ಅದನ್ನು ಎಳೆಯುತ್ತದೆ.)

ಮರದ ಸಾಮಾನಿನಲ್ಲಿ ಮೋಸ ಇನ್ನೂ ಜಾಸ್ತಿ. ಹೊಸ ಮರಕ್ಕೆ ಟೀ ಡಿಕಾಕ್ಷನ್, ಬೂಟ್ ಪಾಲಿಶ್, ಸರಪಳಿಯಿಂದ ನಾಲ್ಕು ಏಟು, ಆಯ್ತು, ಅಜ್ಜನ ಕಾಲದ್ದು. ಮುಂಭಾಗ ನೋಡಿ ಮರುಳಾಗಬೇಡಿ. ಡ್ರಾಯರ್ ಎಳೆದು ಹಿಂದೆ, ಕೆಳಗೆ ನೋಡಿ. ಗರಗಸದ ಗುರುತು ಬಿಲ್ಲಿನ ಹಾಗೆ ಬಾಗಿದ್ದರೆ ಯಂತ್ರದ ಚಕ್ರಗರಗಸದ್ದು, ಗೆರೆಗಳು ನೇರವಾಗಿದ್ದು ನಡುವಿನ ಅಂತರ ಏರುಪೇರಾಗಿದ್ದರೆ ಕೈಗರಗಸದ್ದು ಇರಬಹುದು. ಪ್ಲಸ್ ತಲೆಯ ಸ್ಕ್ರೂ ಮಾರುಕಟ್ಟೆಗೆ ಬಂದದ್ದೇ 1930ರ ದಶಕದಲ್ಲಿ, ಅದು ಮೊದಲಿನಿಂದಲೂ ಇದ್ದ ಸ್ಕ್ರೂ ಆಗಿದ್ದರೆ 'ವಿಕ್ಟೋರಿಯಾ ರಾಣಿಯ ಕಾಲದ್ದು' ಅನ್ನುವ ಅಂಗಡಿಯವರ ಕಥೆಯನ್ನು ಅಲ್ಲೇ ನಿಲ್ಲಿಸಿ ಅನ್ನಿ. ಹಳೇ ಗುಂಡು ಮೇಜಿಗೆ ಎರಡು ಕಡೆ ಟೇಪ್ ಹಿಡಿದರೆ ಅಳತೆ ಸ್ವಲ್ಪ ಬೇರೆ ಬರುತ್ತದೆ, ಯಾಕೆಂದರೆ ಮರ ಅಡ್ಡಕ್ಕೆ ಕುಗ್ಗುವಷ್ಟು ಉದ್ದಕ್ಕೆ ಕುಗ್ಗುವುದಿಲ್ಲ.

ಆದರೆ ನಕಲಿ ಮಾಲಿನಿಂದ ಹೋಗುವುದು ನಮ್ಮ ದುಡ್ಡು, ಅಷ್ಟೆ. ಅಸಲಿ ಮಾಲಿನಲ್ಲಿ ಇನ್ನೊಬ್ಬರದು ಹೋಗಿರುತ್ತದೆ. ನನ್ನ ತಕರಾರು ಅಲ್ಲಿದೆ.

ಚೀನೀ ಹೂಜಿಯ ವಿಷಯಕ್ಕೆ ನಾನು ತಲೆ ಕೆಡಿಸಿಕೊಳ್ಳುವುದು ಕಡಿಮೆ. ಅವು ವ್ಯಾಪಾರಕ್ಕೆ ಅಂತಲೇ ಮಾಡಿದವು. ಹಂಪಿಯ ಅಗೆತದಲ್ಲಿ ಸಿರಿವಂತರು ಇದ್ದ ಕಡೆ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ, ಅಂದರೆ ವಿಜಯನಗರದ ಕಾಲದಲ್ಲೇ ಅವು ನಮ್ಮಲ್ಲಿ ಬಿಕರಿಯಾಗುತ್ತಿದ್ದವು. ಕಾಫಿ ಎಸ್ಟೇಟಿನ ಉದ್ದ ಕೈಯ ಆರಾಮಕುರ್ಚಿಯೂ ಹಾಗೇ, ಮಾಲೀಕರು ಮಾರಿದರು, ನೀವು ಕೊಂಡಿರಿ. ವೀರಗಲ್ಲು, ನಾಗರಕಲ್ಲು, ದೇವಸ್ಥಾನದ ಬಾಗಿಲ ಚೌಕಟ್ಟು, ರಥದ ಕೆತ್ತನೆ, ಕರಾವಳಿಯ ಭೂತಾರಾಧನೆಯ ಮರದ ಮೂರ್ತಿ, ಇವು ಹಾಗಲ್ಲ. ಇವನ್ನು ಮಾರುವ ಹಕ್ಕು ಒಬ್ಬ ಮನುಷ್ಯನಿಗೆ ಇರುವುದೇ ಅಪರೂಪ. ತಮಿಳುನಾಡಿನ ಶ್ರೀಪುರಂತಾನ್ ದೇವಸ್ಥಾನದಿಂದ ಕದ್ದ ನಟರಾಜನ ಕಥೆ ನೆನಪಿಸಿಕೊಳ್ಳಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಅದನ್ನು 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರಿಗೆ ಕೊಂಡಿತ್ತು. ಮೂರ್ತಿ ಬಹಳ ಹಿಂದೆಯೇ ಭಾರತ ಬಿಟ್ಟಿತ್ತು ಅಂತ ಮಾರಿದವರು ಕಾಗದ ಸೃಷ್ಟಿಸಿದ್ದರು. 2014ರಲ್ಲಿ ಮೂರ್ತಿ ವಾಪಸ್ ಬಂತು. ಅಷ್ಟು ದೊಡ್ಡ ಗ್ಯಾಲರಿಯೇ ಸುಳ್ಳು ಕಾಗದ ನಂಬಿತು, ನಮ್ಮ ಜನ ಕಾಗದವನ್ನೇ ಕೇಳುವುದಿಲ್ಲ.

ಕಾನೂನು ಇಲ್ಲ ಅಂತ ಅಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ ಇದೆ, 1976ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಕಲಾಕೃತಿಗಳ ವ್ಯಾಪಾರ ಮಾಡಬೇಕಾದರೆ ಲೈಸೆನ್ಸ್ ಬೇಕು. ಅವನ್ನು ನಾವು ನೀವು ದೇಶದ ಹೊರಗೆ ಕಳಿಸುವಂತಿಲ್ಲ, ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಅಷ್ಟು ಹಳೆಯ ಕಲ್ಲಿನ, ಲೋಹದ, ದಂತದ, ಮರದ ಶಿಲ್ಪಗಳು ಮನೆಯಲ್ಲಿದ್ದರೆ ಫೋಟೋ ಸಮೇತ ನೋಂದಣಿ ಮಾಡಿಸಬೇಕು, ಕೈ ಬದಲಾದರೆ ಅದನ್ನೂ ತಿಳಿಸಬೇಕು. ದಂತದ ಮಾರಾಟಕ್ಕಂತೂ ವನ್ಯಜೀವಿ ಕಾಯ್ದೆಯ ನಿಷೇಧವೇ ಇದೆ. ಮೈಸೂರಿನ ಬೀಟೆ ಮರದ ಹಳೇ ಕುಸುರಿ ಪೆಟ್ಟಿಗೆಗಳಲ್ಲಿ ಕೂರಿಸಿರುವುದು ಎಷ್ಟೋ ಸಲ ದಂತವೇ, ಕೊಳ್ಳುವವರಿಗೂ ಗೊತ್ತಿರುವುದಿಲ್ಲ, ಮಾರುವವರು ಹೇಳುವುದಿಲ್ಲ.

ನಾನು ಸುತ್ತಿದ ಅಂಗಡಿಗಳಲ್ಲಿ ಲೈಸೆನ್ಸ್ ತೋರಿಸಿ ಅಂದಾಗ ಕೆಲವರು ತೋರಿಸಿದ್ದಾರೆ, ಖುಷಿಯಿಂದಲೇ ತೋರಿಸಿದ್ದಾರೆ. ಒಬ್ಬರು ಮಾತ್ರ 'ನೀವು ತಗೊಳ್ಳೋ ಗಿರಾಕಿ ಅಲ್ಲ ಬಿಡಿ' ಅಂದರು. ಬಿಲ್ ಕೇಳಿದರೆ ಹೆಚ್ಚಿನ ಕಡೆ 'ಡೆಕೋರೇಟಿವ್ ಐಟಂ, ಒಂದು' ಅಂತ ಬರೆದು ಕೊಡುತ್ತಾರೆ. ಬಾಯಲ್ಲಿ ಇನ್ನೂರು ವರ್ಷ, ಬಿಲ್ಲಿನಲ್ಲಿ ಅಲಂಕಾರದ ಸಾಮಾನು! ಯಾವುದು, ಯಾವ ಮರ ಅಥವಾ ಲೋಹ, ಅಂದಾಜು ವಯಸ್ಸು ಎಷ್ಟು, ಯಾರಿಂದ ಬಂತು, ಇಷ್ಟನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಒಪ್ಪದವರ ಹತ್ತಿರ ಸುಮ್ನೆ ಚೌಕಾಸಿ ಮಾಡುತ್ತಾ ಕೂರಬೇಡಿ, ಎದ್ದು ಬನ್ನಿ.

ಸರ್ಕಾರಕ್ಕೂ ಒಂದು ಮಾತು. 1865ರಲ್ಲಿ ಶುರುವಾದ ಸರ್ಕಾರಿ ಮ್ಯೂಸಿಯಂ ಈಗ ಕಸ್ತೂರಬಾ ರಸ್ತೆಯಲ್ಲಿದೆ. ಅಲ್ಲಿ ತಿಂಗಳಿಗೆ ಒಂದು ದಿನ ಜನ ತಮ್ಮ ಮನೆಯ ಹಳೇ ವಸ್ತು ತಂದು ತೋರಿಸುವ ಹಾಗೆ ಮಾಡಲಿ. ತಿಳಿದವರೊಬ್ಬರು ಕೂತು, ಇದು ಹಳೇದು, ಇದು ಹೊಸದು, ಇದಕ್ಕೆ ನೋಂದಣಿ ಬೇಕು, ಫಾರಂ ಇಲ್ಲಿದೆ ಅಂತ ಹೇಳಿದರೆ ಸಾಕು. ಬೆಲೆ ಹೇಳುವುದು ಬೇಡ. ಈಗ ಏನಾಗುತ್ತಿದೆ ಅಂದರೆ, ಪ್ರಾಮಾಣಿಕವಾಗಿ ಅಜ್ಜಿಯಿಂದ ಬಂದ ಕಂಚಿನ ವಿಗ್ರಹ ಇಟ್ಟುಕೊಂಡವರು ಯಾರ ಹತ್ತಿರ ಹೋಗಬೇಕು ಅಂತ ತಿಳಿಯದೆ, ಹೋದರೆ ಕಿತ್ತುಕೊಳ್ಳುತ್ತಾರೇನೋ ಅಂತ ಹೆದರಿ ಅಟ್ಟದ ಮೇಲೆ ಇಡುತ್ತಾರೆ. ನೋಂದಣಿ ಮಾಡಿಸಿದ ಮಾತ್ರಕ್ಕೆ ವಸ್ತು ಸರ್ಕಾರದ್ದಾಗುವುದಿಲ್ಲ ಅನ್ನೋದನ್ನೇ ಯಾರೂ ಅವರಿಗೆ ಹೇಳಿಲ್ಲ.

ಇನ್ನು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಲ್ಲಿ ಹಳೇ ಮನೆ ಕೆಡವುವವರಿಗೆ. ಕಂಟ್ರಾಕ್ಟರ್ 'ಹಳೇ ಮರ ನಾನೇ ತಗೊಂಡು ಹೋಗ್ತೀನಿ, ಕೆಡವೋ ಕೂಲಿಗೆ ವಜಾ ಮಾಡ್ಕೊಳ್ಳಿ' ಅಂದ ಕೂಡಲೇ ಹೂಂ ಅನ್ನಬೇಡಿ. ಬಾಗಿಲು, ಕಂಬ, ಕಂಬದ ತಲೆಯ ಬೋದಿಗೆ, ತೊಲೆಗಳು ನಿಂತ ಜಾಗದಲ್ಲೇ ಇರುವಾಗ ಫೋನಿನಲ್ಲಿ ಫೋಟೋ ತೆಗೆಯಿರಿ. ಮನೆಯ ವಿಳಾಸ, ಕಟ್ಟಿಸಿದ ವರ್ಷ ಗೊತ್ತಿದ್ದರೆ ಅದು, ಒಂದು ಹಾಳೆಯಲ್ಲಿ ಬರೆದು ಕೊಳ್ಳುವವರ ಕೈಗೆ ಕೊಡಿ. ಬೆಲೆಯೂ ಚೆನ್ನಾಗಿ ಸಿಗುತ್ತದೆ.

ನಿಮ್ಮ ಪುರವಣಿಯವರು ಮುಂದಿನ ಸಲ ಇಂಥ ಮನೆಯ ಫೋಟೋ ಹಾಕುವಾಗ ಪ್ರತಿ ಫೋಟೋದ ಕೆಳಗೆ ಆ ವಸ್ತು ಎಲ್ಲಿಯದು ಅಂತ ಬರೆಯಲಿ. ಮನೆಯವರು ಹೇಳಲು ಒಪ್ಪದಿದ್ದರೆ ಆ ಫೋಟೋ ಬಿಡಿ. ಬಾಲ್ಕನಿಯ ಆ ನಾಗರಕಲ್ಲಿನ ಬಗ್ಗೆಯೂ ದಯವಿಟ್ಟು ಅವರನ್ನು ಒಮ್ಮೆ ವಿಚಾರಿಸಿ, ಉತ್ತರ ಸಿಕ್ಕರೆ ಇದೇ ಅಂಕಣದಲ್ಲಿ ಪ್ರಕಟಿಸಿ.

ಇಂತಿ,
ನಿಮ್ಮ ಹಳೇ ಓದುಗ
ಬಸವನಗುಡಿ, ಬೆಂಗಳೂರು