ಬಾರ್ ಹಾರ್ಬರಿಗೆ ಹೋದವರು ತೋಟಗಳನ್ನೂ ನೋಡಲಿ

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಅಮೆರಿಕದ ಮಕ್ಕಳ ಮನೆಗೆ ಬರುವ ನಮ್ಮ ಕಡೆಯ ಹಿರಿಯರಲ್ಲಿ ಕೆಲವರು ಮೇನ್ ರಾಜ್ಯದ ಕಡಲೂರಾದ ಬಾರ್ ಹಾರ್ಬರಿಗೂ ಹೋಗಿ, ಕ್ಯಾಡಿಲಾಕ್ ಬೆಟ್ಟದ ಮೇಲೆ ಸೂರ್ಯೋದಯ ನೋಡಿ ಹಿಂದಿರುಗುತ್ತಾರೆ. ಪ್ರವಾಸ ಲೇಖನಗಳೂ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತವೆ. ಆ ಊರಿರುವ ದ್ವೀಪದ ಹಳೆಯ ಬಂಗಲೆಗಳ ತೋಟಗಳ ಬಗ್ಗೆ ಯಾರೂ ಹೇಳುವುದಿಲ್ಲವೆಂಬ ಕೊರಗಿನಿಂದ ಈ ಪತ್ರ ಬರೆಯುತ್ತಿದ್ದೇನೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾದ ಸಿರಿವಂತರು ಇಲ್ಲಿ ಅರಮನೆಯಂಥ ಬೇಸಿಗೆ ಮನೆಗಳನ್ನು ಕಟ್ಟಿಸಿ, ಅವನ್ನು ‘ಕಾಟೇಜ್’ ಎನ್ನುತ್ತಿದ್ದರು. ರೀಫ್ ಪಾಯಿಂಟ್ ಅಂಥದೊಂದು ಮನೆ. ಅದರ ಒಡತಿ ಬಿಯಾಟ್ರಿಕ್ಸ್ ಫರಾಂಡ್, 1899ರಲ್ಲಿ ಅಮೆರಿಕದ ಭೂದೃಶ್ಯ ವಿನ್ಯಾಸಕಾರರ ಸಂಘವನ್ನು ಹುಟ್ಟುಹಾಕಿದವರಲ್ಲಿ ಏಕೈಕ ಮಹಿಳೆ. ವಾಷಿಂಗ್ಟನ್ನಿನ ಡಂಬರ್ಟನ್ ಓಕ್ಸ್ ತೋಟವನ್ನು ರೂಪಿಸಿದವರೂ ಅವರೇ. ರೀಫ್ ಪಾಯಿಂಟ್ ತಮ್ಮ ನಂತರವೂ ತೋಟಗಾರಿಕೆಯ ಅಧ್ಯಯನ ಕೇಂದ್ರವಾಗಿ ಉಳಿಯಬೇಕೆಂಬುದು ಅವರ ಆಸೆಯಾಗಿತ್ತು.

1947ರ ಅಕ್ಟೋಬರಿನ ಕಾಡ್ಗಿಚ್ಚಿಗೆ ದ್ವೀಪದ ಸುಮಾರು 17,000 ಎಕರೆ ನೆಲವೂ 67 ಬೇಸಿಗೆ ಬಂಗಲೆಗಳೂ ತುತ್ತಾದವು. ರೀಫ್ ಪಾಯಿಂಟ್ ಪಾರಾಯಿತು. ಆದರೆ ತೆರಿಗೆ ಕಟ್ಟುವ ಬಂಗಲೆಗಳನ್ನೇ ಕಳೆದುಕೊಂಡಿದ್ದ ಊರು ಈ ತೋಟಕ್ಕೆ ತೆರಿಗೆ ವಿನಾಯಿತಿ ಕೊಡಲು ಒಪ್ಪಲಿಲ್ಲ. 1955ರಲ್ಲಿ, ಎಂಬತ್ತು ದಾಟಿದ್ದ ಫರಾಂಡ್, ಮನೆಯನ್ನೂ ತೋಟವನ್ನೂ ತೆಗೆಸಿಬಿಡುವ ನಿರ್ಧಾರ ಮಾಡಿ, ತಮ್ಮ ಗ್ರಂಥಗಳನ್ನೂ ನಕ್ಷೆಗಳನ್ನೂ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಗಿಡಗಳನ್ನು ಚಾರ್ಲ್ಸ್ ಸ್ಯಾವೇಜ್ ಎಂಬವರು ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಅವರ ಹಣದ ನೆರವಿನಿಂದ ಕೊಂಡು, ಬೇರುಸಹಿತ ಸಾಗಿಸಿ, ಅದೇ ದ್ವೀಪದ ನಾರ್ತ್‌ಈಸ್ಟ್ ಹಾರ್ಬರಿನ ಅಸ್ಟಿಕು ಮತ್ತು ಥೂಯಾ ತೋಟಗಳಲ್ಲಿ ನೆಡಿಸಿದರು.

ಕಟ್ಟಿದ ಕೈಯೇ ಕೆಡವಿಸಿತೆಂದು ಮೊದಲು ಓದಿದಾಗ ನನಗೆ ಅದು ಹಟವೆಂದೇ ತೋರಿತ್ತು. ಹೋದ ಜೂನಿನಲ್ಲಿ ಅಸ್ಟಿಕು ತೋಟವನ್ನು ನೋಡಿದ ಮೇಲೆ ಹಾಗೆನ್ನಲು ಬಾಯಿ ಬರುವುದಿಲ್ಲ. ಅಜೇಲಿಯಾ ಗಿಡಗಳು ಎಲೆ ಕಾಣದಷ್ಟು ಹೂ ಹೊತ್ತು ಕೊಳದ ಕಡೆಗೆ ಬಾಗಿದ್ದವು. ಬುಡದ ಬಳಿ ಕುಳಿತು ನೋಡಿದರೆ, ಕಲ್ಲುಹೂ ಹತ್ತಿ ಬೂದಿಬಣ್ಣಕ್ಕೆ ತಿರುಗಿದ ಮುದಿ ಕೊಂಬೆಗಳಲ್ಲೂ ಹೊಸ ಚಿಗುರಿತ್ತು. ಆರೈಕೆಯಿಲ್ಲದೆ ಒಂದೊಂದಾಗಿ ಒಣಗಬಹುದಾಗಿದ್ದ ಗಿಡಗಳನ್ನು ಬಲ್ಲವರ ಕೈಗೆ ಒಪ್ಪಿಸಲು ಆ ತಾಯಿ ತನ್ನ ಮನೆಯನ್ನೇ ಬಿಟ್ಟುಕೊಟ್ಟರು.

ಅದೇ ದ್ವೀಪದ ಸೀಲ್ ಹಾರ್ಬರಿನಲ್ಲಿ, ಜಾನ್ ಅವರ ಪತ್ನಿ ಅಬಿ ಆಲ್ಡ್ರಿಚ್ ರಾಕ್‌ಫೆಲ್ಲರ್ ಅವರಿಗಾಗಿ ಫರಾಂಡ್ ರೂಪಿಸಿದ, ಹಳದಿ ಹೆಂಚು ಹೊದಿಸಿದ ಚೀನೀ ಶೈಲಿಯ ಗೋಡೆಯ ತೋಟವೂ ಉಳಿದಿದೆ. ಒಂದು ಕುಟುಂಬದ್ದಾಗಿದ್ದ ಅದು ಈಗ ಬೇಸಿಗೆಯಲ್ಲಿ ಸಾರ್ವಜನಿಕರಿಗೆ ತೆರೆದಿರುತ್ತದೆ.

ಪ್ರವಾಸದ ಪುಟಕ್ಕೆ ಬರೆಯುವವರು ಈ ತೋಟಗಳಿಗೂ ಎರಡು ಸಾಲು ಮೀಸಲಿಡಬೇಕೆಂದು ವಿನಂತಿಸುತ್ತೇನೆ. ಹೋಗುವವರು ಗಮನಿಸಲಿ: ಅಜೇಲಿಯಾ ಅರಳುವುದು ಮೇ ಕೊನೆಯಿಂದ ಜೂನ್‌ವರೆಗೆ, ರಾಕ್‌ಫೆಲ್ಲರ್ ತೋಟಕ್ಕೆ ಮುಂಗಡವಾಗಿ ಕಾಯ್ದಿರಿಸಬೇಕು.

ಇಂತಿ,
ಬಾಸ್ಟನ್ನಿನ ಓದುಗ