ಭಾನುವಾರ ಬೆಳಗ್ಗೆ ಇನ್ನರ್ ಸರ್ಕಲ್ ನಡಿಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 6.30ಕ್ಕೆ ಬೆಂಗಳೂರಿನ ಹಳೇ ವೈಟ್‌ಫೀಲ್ಡ್‌ನ ಇನ್ನರ್ ಸರ್ಕಲ್‌ನಲ್ಲಿರುವ ಮೆಮೋರಿಯಲ್ ಚರ್ಚ್ ಗೇಟಿನ ಹತ್ತಿರ ಸೇರೋಣ.

ವೈಟ್‌ಫೀಲ್ಡ್ ಅಂದರೆ ಐಟಿಪಿಎಲ್ ಟೆಕ್ ಪಾರ್ಕ್, ಟ್ರಾಫಿಕ್ ಅಂತಲೇ ಹೊಸಬರಿಗೆ ಗೊತ್ತು. ಆದರೆ ಇದು 1882ರ ಸುಮಾರಿಗೆ ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಬದುಕಲಿ ಎಂದು ಕಟ್ಟಿದ ಊರು. ಜಮೀನು ಕೊಟ್ಟವರು ಮೈಸೂರಿನ ಚಾಮರಾಜೇಂದ್ರ ಒಡೆಯರ್. ಊರಿಗೆ ಹೆಸರು ಬಂದದ್ದು ಆ ಸಮುದಾಯದ ಮುಖಂಡ ಡಿ.ಎಸ್. ವೈಟ್ ಅವರಿಂದ. ಮಧ್ಯೆ ಬಯಲು, ಸುತ್ತ ದುಂಡಗೆ ರಸ್ತೆ, ರಸ್ತೆಗೆ ಮುಖ ಮಾಡಿದ ಹೆಂಚಿನ ಬಂಗಲೆಗಳು. ಅಂಥ ಮನೆಗಳು ಇವತ್ತು ಬೆರಳೆಣಿಕೆಯಷ್ಟು. ಉಳಿದಿರುವಾಗಲೇ ಕಣ್ತುಂಬ ನೋಡಬೇಕು ಅನ್ನೋದೇ ನನ್ನ ಆಸೆ.

ಕಿಟಕಿಯ ಮೇಲಿನ ಮರದ ಪಟ್ಟಿಗಳ ಚೂಪು ಮಾಡನ್ನು ತಪ್ಪದೆ ಗಮನಿಸಿ. ಅದನ್ನೇ ‘ಮಂಕಿ ಟಾಪ್’ ಅನ್ನೋದು.

ಆಮೇಲೆ ಕಾಡುಗೋಡಿ ಕಡೆ ಹೋಗಿ ತಿಂಡಿ. ಅಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ, ಬಂಗಾಳಿ ಎಲ್ಲವೂ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ದೂರದಿಂದ ಬಂದವರಿಗೆ ಮರಳಲು ನೇರಳೆ ಮಾರ್ಗದ ಮೆಟ್ರೋ ಇದೆ, ಅದರ ಕೊನೆಯ ನಿಲ್ದಾಣ ವೈಟ್‌ಫೀಲ್ಡ್ (ಕಾಡುಗೋಡಿ)ಯಲ್ಲಿ ಹತ್ತಿ. ಭಾನುವಾರ ಮೊದಲ ರೈಲು ತಡ, 6.30ಕ್ಕೆ ಅದರಲ್ಲಿ ಬಂದು ಸೇರಲಾಗದು; ಬರುವಾಗ ಬೇರೆ ವ್ಯವಸ್ಥೆ ಮಾಡಿಕೊಳ್ಳಿ.

ಮನೆಗಳಲ್ಲಿ ಜನ ವಾಸವಿದ್ದಾರೆ; ಕೇಳದೆ ಫೋಟೋ ತೆಗೆಯಬೇಡಿ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.