ಲೆಕ್ಕವನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಫ್ರಾನ್ಸಿನ ಗಣಿತಜ್ಞೆ ಸೋಫಿ ಜರ್ಮೇನ್ ಪರಿಚಯ ಓದಿದೆ. ಅಪ್ಪ ಅಮ್ಮ ಮೇಣದ ಬತ್ತಿ ಕಿತ್ತುಕೊಂಡರು, ಹುಡುಗಿ ಕದ್ದು ಓದಿದಳು ಎಂಬುದಕ್ಕೇ ಮುಕ್ಕಾಲು ಅಂಕಣ ಮುಗಿದಿದೆ. ಆಕೆ ಮಾಡಿದ ಗಣಿತವೆಲ್ಲಿ? ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ನನಗೆ ಎಲೆ ಹಾಕಿ, ಬಡಿಸದೆ ಎಬ್ಬಿಸಿದಂತಾಯಿತು.

1794ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಎಕೋಲ್ ಪಾಲಿಟೆಕ್ನಿಕ್ ಎಂಬ ಉನ್ನತ ವಿದ್ಯಾಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಜರ್ಮೇನ್ ಪಾಠದ ಟಿಪ್ಪಣಿ ತರಿಸಿಕೊಂಡು, ಲ ಬ್ಲಾಂ ಎಂಬ ಗಂಡು ಹೆಸರಿನಲ್ಲಿ ಅಲ್ಲಿನ ಗಣಿತದ ಪ್ರಾಧ್ಯಾಪಕ ಲಗ್ರಾಂಜ್ ಅವರಿಗೆ ಬರೆದರು. 1804ರಿಂದ ಜರ್ಮನಿಯ ಗಣಿತಜ್ಞ ಗೌಸ್ ಅವರಿಗೂ. 1807ರಲ್ಲಿ ಗುಟ್ಟು ರಟ್ಟಾದಾಗ ಗೌಸ್ ಮನಸಾರೆ ಮೆಚ್ಚಿ ಉತ್ತರಿಸಿದರು. ಇಷ್ಟು ಕತೆ ಸಾಕು.

ಈಗ ಲೆಕ್ಕ. ಒಂದು ಅವಿಭಾಜ್ಯ ಸಂಖ್ಯೆಯನ್ನು ಎರಡರಿಂದ ಗುಣಿಸಿ ಒಂದು ಕೂಡಿಸಿ. 5ರಿಂದ 11, 11ರಿಂದ 23, 23ರಿಂದ 47: ಎಲ್ಲವೂ ಅವಿಭಾಜ್ಯ. 47ರಿಂದ 95 ಬಂದು ಸರಪಳಿ ಕಡಿಯುತ್ತದೆ. 7 ಮೊದಲ ಹೆಜ್ಜೆಯಲ್ಲೇ ಸೋಲುತ್ತದೆ. ಹೀಗೆ ಅವಿಭಾಜ್ಯವನ್ನೇ ಕೊಡುವ ಅವಿಭಾಜ್ಯಗಳಿಗೆ ಇಂದು ಜರ್ಮೇನ್ ಹೆಸರಿದೆ. ಇವುಗಳ ನೆರವಿನಿಂದ ಆಕೆ ಫರ್ಮಾನ ಕೊನೆಯ ಪ್ರಮೇಯದ (ಘಾತ n ಎರಡಕ್ಕಿಂತ ದೊಡ್ಡದಾದರೆ xⁿ + yⁿ = zⁿ ಆಗುವ ಧನ ಪೂರ್ಣಾಂಕಗಳಿಲ್ಲ ಎಂಬುದು) ಒಂದು ಭಾಗವನ್ನು ಇಡೀ ಒಂದು ಗುಂಪಿನ ಘಾತಗಳಿಗೆ ಒಟ್ಟಿಗೇ ಸಾಧಿಸಿದರು. ಅದಕ್ಕೂ ಮುಂಚಿನವರು ಒಂದೊಂದೇ ಘಾತದ ಹಿಂದೆ ಬಿದ್ದಿದ್ದರು! ಇಂಥ ಸಂಖ್ಯೆಗಳು ಅನಂತವೇ ಎಂಬುದು ಇನ್ನೂ ಸಾಬೀತಾಗಿಲ್ಲ.

100ರೊಳಗೆ ಇಂಥವು ಹತ್ತಿವೆ. ಒಂಬತ್ತನೆಯ ತರಗತಿಯ ಮಕ್ಕಳು ಹುಡುಕಬಲ್ಲರು. ಕಂಪಿಸುವ ತಗಡುಗಳ ಅಧ್ಯಯನಕ್ಕೆ 1816ರಲ್ಲಿ ಆಕೆಗೆ ಸಂದ ಬಹುಮಾನದ ಬಗ್ಗೆ ಭೌತಶಾಸ್ತ್ರದವರು ಬರೆಯಲಿ. ಮುಂದಿನ ಸಲ ಭಾವಚಿತ್ರವನ್ನು ಚಿಕ್ಕದು ಮಾಡಿ, ಇಂಥದೊಂದು ಲೆಕ್ಕಕ್ಕೆ ಜಾಗ ಕೊಡಿ.

– ನಿವೃತ್ತ ಗಣಿತ ಶಿಕ್ಷಕಿ, ತಿಪಟೂರು